ಅಪ್ಪ ಅವ್ವನ ರುಜು

ರೋಮಾಗಳು ಶತಮಾನಗಳ ಹಿಂದೆ ನಮ್ಮ ಕಡೆಯಿಂದಲೇ ಯುರೋಪಿಗೆ ಹೋದವರು. ಅಲ್ಲೂ ಊರಾಚೆಯೇ. ಜೆಕ್ ದೇಶದ ಒಸ್ಟ್ರಾವಾದಲ್ಲಿ ಅವರ ಮಕ್ಕಳನ್ನು ಬುದ್ಧಿಮಾಂದ್ಯರ ‘ವಿಶೇಷ ಶಾಲೆ’ಗೆ ತಳ್ಳುತ್ತಿದ್ದರು. ಹೊಡೆದು ಬಡಿದಲ್ಲ, ಪರೀಕ್ಷೆ ಇಟ್ಟು, ಅಪ್ಪ ಅವ್ವನ ರುಜು ಹಾಕಿಸಿಕೊಂಡು. ಅರ್ಜಿದಾರರು ಕೊಟ್ಟ ಲೆಕ್ಕ ನೋಡಿ: ಊರಿನ ಪ್ರಾಥಮಿಕ ಶಾಲೆಗಳಲ್ಲಿ ರೋಮಾ ಮಕ್ಕಳು ನೂರಕ್ಕೆ 2.26, ವಿಶೇಷ ಶಾಲೆಗಳಲ್ಲಿ 56.

18 ಮಕ್ಕಳ ಪರವಾಗಿ ದಾವೆ ಬಿತ್ತು. ಒಟ್ಟು ಸಮಾಜದ ಸ್ಥಿತಿ ನೋಡೋದು ನಮ್ಮ ಅಧಿಕಾರವಲ್ಲ, ಒಬ್ಬೊಬ್ಬರ ಪ್ರಕರಣವಷ್ಟೇ ಅಂತ ಜೆಕ್ ಸಂವಿಧಾನ ನ್ಯಾಯಾಲಯ 1999ರಲ್ಲಿ ಕೈತೊಳಕೊಂಡಿತು. (ಜಾತಿಯನ್ನು ಒಬ್ಬೊಬ್ಬನಲ್ಲಿ ಹುಡುಕಿದರೆ ಸಿಗುತ್ತದೆಯೇ?) ದೇಶದ ಕೋರ್ಟು ದಾಟಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಅಲ್ಲೂ ಸೋಲೇ. 2007ರ ನವೆಂಬರ್ 13ರಂದು ಅದರ ಮಹಾಪೀಠ 13-4ರ ಬಹುಮತದಲ್ಲಿ ಆ ತೀರ್ಪನ್ನು ತಿರುಗಿಸಿತು. ಕೆಟ್ಟ ಉದ್ದೇಶ ಸಾಬೀತಾಗಬೇಕಿಲ್ಲ, ಪರಿಣಾಮವೇ ಸಾಕ್ಷಿಯಾದೀತು; ಜನಾಂಗ ತಾರತಮ್ಯಕ್ಕೆ ಗುರಿಯಾಗದಿರುವ ಹಕ್ಕನ್ನು ಯಾರ ರುಜುವೂ ಬಿಟ್ಟುಕೊಡಲಾರದು ಎಂದಿತು. ಜೀತಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರ ಮಕ್ಕಳಾದ ನಮಗೆ ಈ ಮಾತು ಬೇಗ ಅರ್ಥವಾಗುತ್ತೆ.

ಏಷ್ಯಾಕ್ಕೆ ಇಂಥ ಕೋರ್ಟೇ ಇಲ್ಲ. ಹಾಗಂತ ಸ್ಟ್ರಾಸ್‌ಬರ್ಗನ್ನು ಗುಡಿ ಮಾಡಬೇಕಿಲ್ಲ. ತೀರ್ಪನ್ನು ಜಾರಿಗೆ ತರಬೇಕಾದ್ದು ಮತ್ತೆ ಅದೇ ಸರ್ಕಾರ. ‘ವಿಶೇಷ ಶಾಲೆ’ ಎಂಬ ಹೆಸರನ್ನು ಕಾನೂನು 2005ಕ್ಕೇ ತೆಗೆದಿತ್ತು. ಎಷ್ಟೋ ಕಡೆ ಬೋರ್ಡು ಹೊಸದು, ಒಳಗಿನ ಪಾಠ ಹಳೆಯದು. ಆ 18 ಮಂದಿಗೆ ತಲಾ 4,000 ಯೂರೋ ಪರಿಹಾರ ಸಿಕ್ಕಿತು. ಅಷ್ಟೊತ್ತಿಗೆ ಅವರ ಶಾಲೆ ವಯಸ್ಸು ಮುಗಿದಿತ್ತು.