ಕೋಲಾರ ಸೀಮೆಯ ವೀರಗಲ್ಲುಗಳು: ಕಲ್ಲಿನಲ್ಲಿ ಮಡಿದವರ ರೂಪ

ಕೋಲಾರ, ಬಂಗಾರಪೇಟೆ, ಬೇತಮಂಗಲ, ಮುಳಬಾಗಿಲು ಸುತ್ತಿನ ಊರುಗಳಲ್ಲಿ ಕಾಣುವ ವೀರಗಲ್ಲುಗಳು ಹೋರಾಟದಲ್ಲಿ ಮಡಿದವರ ನೆನಪಿಗೆ ನೆಟ್ಟವು. ಗಂಗರು, ಬಾಣರು, ನೊಳಂಬರು, ಚೋಳರು ಈ ನೆಲಕ್ಕಾಗಿ ಸೆಣಸಿದರು. ಗಂಗ ಅರಸರ ಬಿರುದುಗಳಲ್ಲಿ ‘ಕುವಳಾಲಪುರವರೇಶ್ವರ’ ಎಂಬುದೂ ಒಂದು. ಕುವಳಾಲವೇ ಇಂದಿನ ಕೋಲಾರ. ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು.

ಗಂಗ-ನೊಳಂಬರ ಕಾಲದ ಕಲ್ಲುಗಳಲ್ಲಿ ಹೆಚ್ಚಾಗಿ ಒಂದೇ ಚಿತ್ರಪಟ್ಟಿಕೆ ಇರುತ್ತದೆ. ಬಿಲ್ಲೋ ಕತ್ತಿಯೋ ಹಿಡಿದ ವೀರ ನಡುವೆ ದೊಡ್ಡದಾಗಿ ನಿಂತಿದ್ದರೆ, ಬರಹ ಅವನ ಮೇಲೆ ಅಥವಾ ಸುತ್ತ ಹರಿಯುತ್ತದೆ. ತುರುಗೊಳ್, ಅಂದರೆ ದನ ಕದಿಯುವ ದಾಳಿ, ಅವನ ಸಾವಿಗೆ ಕಾರಣವಾಗಿದ್ದರೆ ಪಕ್ಕದಲ್ಲಿ ದನಗಳನ್ನೂ ಕೆತ್ತುವುದುಂಟು. ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ಇಡೀ ಕಾಳಗವೇ ಇಕ್ಕಿರಿದಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ವೀರಮಹೇಂದ್ರನ ವಿರುದ್ಧ ಹೋರಾಡಿ ಮಡಿದ ನಾಗತ್ತರನ ಸ್ಮಾರಕ ಅದು.

ಮುಂದೆ ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದಲ್ಲಿ ಮೂರು ಹಂತದ ಕಲ್ಲು ರೂಢಿಯಾಯಿತು. ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ನೆತ್ತಿಯ ಸೂರ್ಯಚಂದ್ರರು ಕೀರ್ತಿ ಅವರಿರುವವರೆಗೂ ಉಳಿಯಲೆಂಬ ಹಾರೈಕೆಯ ಗುರುತು. ಗಂಡನ ಚಿತೆಯೇರಿದ ಹೆಣ್ಣಿನ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಕೈಯೇ ಅವಳ ಗುರುತಾಗುತ್ತದೆ.

ಹಾಸಿಗೆಯ ಮೇಲಿನ ಸಾವೂ ಕಲ್ಲಿಗೆ ಬಂದದ್ದುಂಟು. ಟಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗ ದೊರೆ ನೀತಿಮಾರ್ಗ ಮಂಚದ ಮೇಲೆ ಒರಗಿದ್ದಾನೆ. ಸೇವಕ ಅಗರಯ್ಯ ಬಳಿಯಲ್ಲಿ ಕುಳಿತಿದ್ದಾನೆ, ಮಗ ಸತ್ಯವಾಕ್ಯ ನಿಂತಿದ್ದಾನೆ. 9ನೇ ಶತಮಾನದ ಈ ಕೆತ್ತನೆಯಲ್ಲಿ ಸಾಯುವ ಗಳಿಗೆಯೇ ವಸ್ತು.

ವೀರಗಲ್ಲಿನ ವೀರನಂತೆ ಪ್ರಾಚೀನ ಈಜಿಪ್ಟಿನ ಗೋರಿಗಳ ಚಿತ್ರಗಳಲ್ಲೂ ಗೋರಿಯ ಒಡೆಯನೇ ಎಲ್ಲರಿಗಿಂತ ದೊಡ್ಡವನು. ಥೀಬ್ಸಿನ ನೆಬಾಮುನ್ ಎಂಬವನ ಗೋರಿಯ ಚಿತ್ರದಲ್ಲಿ (ಸುಮಾರು ಕ್ರಿ.ಪೂ. 1350) ಅವನು ಜೊಂಡಿನ ನಡುವೆ ದೋಣಿಯಲ್ಲಿ ನಿಂತು ಹಕ್ಕಿ ಬೇಟೆಯಾಡುತ್ತಾನೆ, ಹೆಂಡತಿ, ಮಗಳು ಅವನಿಗಿಂತ ಚಿಕ್ಕವರು. ಅಲ್ಲಿ ಬಯಸಿದ್ದು ಸಾವಿನಾಚೆಗೂ ಮುಂದುವರಿಯುವ ಬಾಳು. ಕನ್ನಡದ ಶಿಲ್ಪಿ ಆರಿಸಿಕೊಂಡದ್ದು ಬದುಕಿಗೆ ಬೆಲೆ ತಂದ ಕೊನೆಯ ಕೆಲಸವನ್ನು.

ಎರಡೂ ಕಡೆ ಮುಖಚಹರೆ ಮಾದರಿಯದೇ; ಇಂಥವನೇ ಎಂದು ಹೇಳುವುದು ಬರಹ. ಹೆಸರು, ಊರು, ಯಾವ ಅರಸನ ಆಳು, ಸತ್ತದ್ದು ಹೇಗೆ ಎಂಬುದನ್ನು ವೀರಗಲ್ಲಿನ ಬರಹ ದಾಖಲಿಸುತ್ತದೆ. ವೀರನ ಮನೆಯವರಿಗೆ ಬಿಟ್ಟ ಕಲ್ನಾಡು, ಬಾಳ್ಗಳ್ಚು ಎಂಬ ಭೂದಾನಗಳೂ ಅದರಲ್ಲೇ ಸೇರುತ್ತವೆ. ಅರಸರ ವಂಶಾವಳಿಯಲ್ಲಿ ಎಡೆಯಿಲ್ಲದ ಎಷ್ಟೋ ಹಳ್ಳಿಗರ ಹೆಸರು ಚರಿತ್ರೆಗೆ ದಕ್ಕಿದ್ದು ಈ ಕಲ್ಲುಗಳಿಂದಲೇ.