ಮಖ್ತಾದ ಕಡವು

ಅಬುಧಾಬಿ ದ್ವೀಪವೆಂಬುದನ್ನು ಮುಸಫ್ಫಾದಲ್ಲಿ ಬಿಡಾರ ಹೂಡಿದವರು ಮರೆಯುವಂತಿಲ್ಲ. ಹಲವರಿಗೆ ಕಚೇರಿ ಆ ದಡದಲ್ಲಿ, ಅಡಿಗೆಮನೆ ಈ ದಡದಲ್ಲಿ. ನಡುವಿನ ನೀರು ಕಿರಿದೇ. ಆದರೆ ಅದನ್ನು ದಾಟಿದ ಬಗೆಯಲ್ಲಿ ಈ ನಾಡಿನ ಚರಿತ್ರೆಯ ಒಂದು ಪಾಲು ಉಂಟು.

ಹಿಂದೆ ಸಮುದ್ರದ ಇಳಿತ ನೋಡಿಕೊಂಡು ಮಖ್ತಾದಲ್ಲಿ ಒಂಟೆಗಳೊಡನೆ ಹಾಯುತ್ತಿದ್ದರು. ನಮ್ಮ ಕರಾವಳಿಯವರು ಕಡವು ಎನ್ನುವಂಥ ಜಾಗ. (ಅಲ್ಲಿ ದೋಣಿ, ಇಲ್ಲಿ ಒಂಟೆ, ಅಷ್ಟೆ.) ನೀರಿನ ನಡುವಣ ಕಾವಲುಗೋಪುರ ಇಂದಿಗೂ ನಿಂತಿದೆ. 1962ರಲ್ಲಿ ಎಣ್ಣೆಯ ರಫ್ತು ಮೊದಲಾಯಿತು. 1966ರಲ್ಲಿ ಶೇಖ್ ಜಾಯೆದ್ ಅಧಿಕಾರಕ್ಕೆ ಬಂದರು. 1968ರಲ್ಲಿ ಮಖ್ತಾ ಸೇತುವೆ ತೆರೆಯಿತು. ಆಮೇಲೆ ಮುಸಫ್ಫಾ ಸೇತುವೆ, 2010ರಲ್ಲಿ ಜಹಾ ಹದೀದ್ ರೂಪಿಸಿದ ಶೇಖ್ ಜಾಯೆದ್ ಸೇತುವೆ.

ಸೇತುವೆಯಾದ ಮೇಲೆ ಗ್ಯಾರೇಜು, ಉಗ್ರಾಣ, ಕಾರ್ಖಾನೆಗಳಿಗೆ ಮುಸಫ್ಫಾದ ಬಯಲು ಒದಗಿತು. ದ್ವೀಪದ ಬಾಡಿಗೆ ತಾಳಲಾರದ ಸಂಸಾರಗಳು ಪಕ್ಕದ ಶಾಬಿಯಾಕ್ಕೆ ಬಂದವು. ರಸಾಯನಶಾಸ್ತ್ರದವನಾದ ನನಗೆ ಇಲ್ಲಿಯ ಸಬ್ಖಾ ಎಂಬ ಉಪ್ಪುನೆಲದ ಮೇಲೆ ಕಣ್ಣು: ಅದರ ಕ್ಲೋರೈಡು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ತಿನ್ನುತ್ತದೆ. ಕಟ್ಟುವವರಿಗೆ ಈ ನೆಲ ಅಗ್ಗವಲ್ಲ.

2021ರ ಜನವರಿ 2ರಿಂದ ಸೇತುವೆಗಳಿಗೆ ಸುಂಕ ಬಂತು. ದಟ್ಟಣೆಯ ವೇಳೆ ಒಮ್ಮೆ ದಾಟಲು 4 ದಿರ್ಹಮ್. ಉಳಿದ ಬಾಡಿಗೆಯ ಮುಂದೆ ಇದು ಅಲ್ಪವೇ. ಲೆಕ್ಕಕ್ಕೆ ಸಿಗದಿರುವುದು ಹೊತ್ತು. ಮಗು ಏಳುವ ಮೊದಲು ಹೊರಟ ಅಪ್ಪ ಅದು ಮಲಗಿದ ಮೇಲೆ ಬರುತ್ತಾನೆ. ಮನೆಯ ಕನ್ನಡದಲ್ಲಿ ಅರ್ಧ ಹೀಗೆ ದಾರಿಯಲ್ಲೇ ಹೋಗುತ್ತದೆ. ಸಂಘದ ಕನ್ನಡ ಪಾಠವನ್ನು ವಾರಕ್ಕೊಮ್ಮೆಯಾದರೂ ಈ ದಡದಲ್ಲಿ ನಡೆಸಿದರೆ ಶಾಬಿಯಾದ ಮಕ್ಕಳು ನಡೆದೇ ಬಂದಾರು.