'ಪ್ರೆಸಿ' ಎಂದು ಬರೆದ ಹುಡುಗ

ನಮ್ಮೂರು ಮುದ್ದೇನಹಳ್ಳಿ. ಅಲ್ಲಿ ಬೆಳೆದ ಮಕ್ಕಳು ತಪ್ಪಿಸಿಕೊಳ್ಳಲಾಗದ ಹೆಸರೊಂದಿದೆ... ವಿಶ್ವೇಶ್ವರಯ್ಯ! ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಮೇಲೆ ಪ್ರಬಂಧ ಬರೀಲೇಬೇಕು. ಎಣಿಸಿ ನೋಡಿ, ಐದಕ್ಷರದ ಹೆಸರಲ್ಲಿ ಮೂರು ಒತ್ತಕ್ಷರ. ನಾನು ಒಂದೇ ಪುಟದಲ್ಲಿ ಅದನ್ನು ನಾಲ್ಕು ಥರ ಬರೆದು ಏಟು ತಿಂದವನು. 'ಸೂರ್ಯ' ಅಂತೂ ನನ್ನ ಕೈಯಲ್ಲಿ 'ಸೂಯ್ರ' ಆಗ್ತಿದ್ದ.

ಮೇಷ್ಟ್ರ ಪ್ರಕಾರ ಅದು ಸೋಮಾರಿತನ. ಮನೆಯವರಿಗೆ 'ಮನೇಲಿ ತೆಲುಗು ಮಾತಾಡ್ತೀವಲ್ಲ, ಅದಕ್ಕೇ' ಅನ್ನೋ ಸಮಾಧಾನ. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮನೆಮಾತು. ಆದರೆ ಅದೇ ತೆಲುಗು ಮಾತಾಡುವ ನನ್ನ ತಂಗಿ ತಪ್ಪಿಲ್ಲದೆ ಬರೀತಿದ್ದಳು! ಅದು ಯಾಕೆ ಅಂತ ಯಾರೂ ಕೇಳಲಿಲ್ಲ. ನನ್ನ ತೊಂದರೆಗೆ ಡಿಸ್ಲೆಕ್ಸಿಯಾ ಅಂತ ಹೆಸರಿದೆ ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ.

ಈ ಹೆಸರು ಹಳೇದು. 1887ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್, ಮಿದುಳಿಗೆ ತೊಂದರೆಯಾಗಿ ಓದು ಕಳೆದುಕೊಂಡ ದೊಡ್ಡವರ ಬಗ್ಗೆ ಬರೆಯುತ್ತಾ ಈ ಪದ ಬಳಸಿದ. ಮಕ್ಕಳ ಕಥೆ ಶುರುವಾಗಿದ್ದು 1896ರ ನವೆಂಬರಿನಲ್ಲಿ. ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ಹುಡುಗ ಚುರುಕು, ಲೆಕ್ಕದಲ್ಲೂ ತೊಂದರೆಯಿಲ್ಲ. ಏಳನೇ ವಯಸ್ಸಿನಿಂದ ಪಾಠ ಹೇಳಿಸಿದ್ದರೂ ಓದು ಬರಹ ಮಾತ್ರ ಹತ್ತಿರಲಿಲ್ಲ. ತನ್ನ ಹೆಸರನ್ನೇ 'ಪ್ರೆಸಿ' ಅಂತ ಬರೆದಿದ್ದ! ಪಾಠವೆಲ್ಲ ಬಾಯಿಮಾತಲ್ಲೇ ಇದ್ದಿದ್ದರೆ ಶಾಲೆಗೇ ಇವನೇ ಜಾಣ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಪರ್ಸಿ ಪ್ರೆಸಿಯಾದ, ಸೂರ್ಯ ಸೂಯ್ರನಾದ. ನೂರು ವರ್ಷದ ಅಂತರ, 'ರ' ಮಾತ್ರ ಇಬ್ಬರಿಗೂ ಜಾಗ ತಪ್ಪಿದೆ.

'ಕನ್ನಡದಲ್ಲಿ ಹೇಳಿದಂತೆ ಬರೀತೀವಿ, ಇದೆಲ್ಲ ಇಂಗ್ಲಿಷಿನ ಕಾಯಿಲೆ' ಅನ್ನೋರಿದ್ದಾರೆ. ಅರ್ಧ ನಿಜ. ಆದರೆ ನಮ್ಮ ಭಾರ ಬೇರೆ ಕಡೆ ಇದೆ. ಕಾಗುಣಿತ, ಒತ್ತು ಎಲ್ಲ ಸೇರಿದರೆ ಕಲಿಯಬೇಕಾದ ಆಕಾರಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳು ಪೂರ್ತಿ ಕೈಗೆ ಹತ್ತಲು ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ವರ್ಷ ಬೇಕು. ಜೊತೆಗೆ ಅರ್ಕಾವತ್ತು! 'ಸೂರ್ಯ'ದಲ್ಲಿ ಕಿವಿಗೆ ಮೊದಲು 'ರ', ಆಮೇಲೆ 'ಯ'. ಕೈಗೆ ಮಾತ್ರ ಮೊದಲು 'ಯ', ಆಮೇಲೆ ಅರ್ಕಾವತ್ತು. ನನ್ನಂಥವನು ಬೀಳೋದು ಈ ಹಳ್ಳಕ್ಕೇ.

ನನ್ನನ್ನು ಅಲ್ಲಿಂದ ಎತ್ತಿದ್ದು ಕಂಪ್ಯೂಟರು. ಹಳೇ ಟೈಪ್‌ರೈಟರಿನಲ್ಲಿ ಆಕಾರದ ತುಣುಕುಗಳನ್ನು ಕಣ್ಣಿನ ಕ್ರಮದಲ್ಲೇ ಒತ್ತಬೇಕಿತ್ತು. ಕೆ.ಪಿ.ರಾವ್ ಅವರ ಕೀಲಿಮಣೆ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಎರಡೂ ಉಚ್ಚಾರಣೆಯ ಕ್ರಮ ಹಿಡಿದವು. ಇಸ್ಕಿಯನ್ನು ಅನುಸರಿಸಿ 1991ರಲ್ಲಿ ಬಂದ ಯೂನಿಕೋಡ್ ಕೂಡ ಮೊದಲು 'ರ', ಆಮೇಲೆ 'ಯ' ಅಂತಲೇ ಉಳಿಸಿಕೊಳ್ಳುತ್ತದೆ. ಒತ್ತನ್ನು ಎಲ್ಲಿ ಕೂರಿಸಬೇಕು ಅನ್ನೋದು ಫಾಂಟಿನ ಕೆಲಸ. ನನ್ನಂಥವರಿಗಾಗಿ ಮಾಡಿದ್ದಲ್ಲ, ಆದರೂ ನನ್ನ ಸೂರ್ಯ ನೆಟ್ಟಗೆ ಹುಟ್ಟಿದ್ದು ಅಲ್ಲೇ!

ಎಲ್ಲ ಪರಿಹಾರವಾಯ್ತು ಅಂತಲ್ಲ. ಮಹಾಪ್ರಾಣ, ಶ-ಷ ಇನ್ನೂ ಕಾಡುತ್ತವೆ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತಲೇ ಹೋಗುವುದರಿಂದ ಸ್ಪೆಲ್ ಚೆಕ್ಕರ್ ಕೂಡ ತಡವರಿಸುತ್ತದೆ. 2017ರಲ್ಲಿ ಗೂಗಲ್ ಧ್ವನಿ ಟೈಪಿಂಗ್ ಕನ್ನಡಕ್ಕೂ ಬಂತು, ಉದ್ದದ ಮೆಸೇಜನ್ನು ಈಗ ಹೇಳಿಯೇ ಬರೆಸ್ತೀನಿ. ಮುಖ್ಯವಾದ ಮೇಲ್ ಆದರೆ ಕಳಿಸುವ ಮೊದಲು ಮೊಬೈಲಿನಿಂದ ಗಟ್ಟಿಯಾಗಿ ಓದಿಸಿ ಕೇಳ್ತೀನಿ. ಕಣ್ಣು ಬಿಟ್ಟ ತಪ್ಪನ್ನು ಕಿವಿ ಹಿಡಿಯುತ್ತೆ.

ಕಾನೂನು ಮಾತ್ರ ತಡ. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾ ಇರಲೇ ಇಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿತು. ಪರ್ಸಿಯ ಕಥೆ ಅಚ್ಚಾಗಿ 120 ವರ್ಷದ ಮೇಲೆ!

ಇನ್ನು ಮೇಲೆ ಯಾರಾದರೂ 'ಬಾಷೆ' ಅಂತ ಬರೆದರೆ ಖಂಡಿತ ತಿದ್ದಿ, ಭಾಷೆ ಉಳಿಯಬೇಕು. ಆದರೆ 'ಕನ್ನಡವೇ ಬರಲ್ಲ, ಬರೀಬೇಡ' ಅನ್ನಬೇಡಿ. ಆ ಮಾತು ಕೇಳಿ ನಾನು ಎಂಟು ವರ್ಷ ಕನ್ನಡದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಅಂದಹಾಗೆ, ವಿಶ್ವೇಶ್ವರಯ್ಯ ಅಂತ ಮೇಲೆ ಸರಿಯಾಗೇ ಬರೆದಿದ್ದೀನಲ್ವಾ? ಮೂರು ಸಲ ಓದಿಸಿ ಕೇಳಿದ್ದೀನಿ :)